ಹನ್ನೆರಡು ಹೊಲಗಳ ಪರೀಕ್ಷೆ

ಸಾಲಗುಂದದ ಯಮನೂರಮ್ಮ ಸಿಂಧನೂರಿನ ಕಾಲುವೆ ನೀರಿನ ಸಂಘಕ್ಕೆ ಗುಮಾಸ್ತೆಯಾಗಿ ಸೇರಿದ್ದು ೧೯೮೮ರಲ್ಲಿ. ಅವಳ ಅಪ್ಪ ದ್ಯಾವಪ್ಪ ಕಾಲುವೆಯ ಗ್ಯಾಂಗ್‌ಮನ್. ಗೇಟು ಎತ್ತುವುದು, ಇಳಿಸುವುದು ಅವನ ಕೆಲಸ. ಯಾರ ಹೊಲಕ್ಕೆ ಯಾವ ದಿನ ಎಷ್ಟು ತಾಸು ನೀರು ಎಂಬ ಪಾಳಿಪಟ್ಟಿ ಬರೆಯುವುದು ಮಗಳ ಕೆಲಸ. ಸಂಘದಲ್ಲಿ ಮುನ್ನೂರಕ್ಕೂ ಹೆಚ್ಚು ಹೊಲಗಳಿದ್ದವು. ಎಕರೆಗೆ ಒಂದು ತಾಸು. ಉಪಕಾಲುವೆಯ ಕೊನೆಯಲ್ಲಿರುವ ಹೊಲಕ್ಕೆ, ನೀರು ಹರಿದು ಮುಟ್ಟುವುದಕ್ಕೆಂದು, ಇನ್ನೊಂದು ಕಾಲು ತಾಸು. ಒಂದು ಕಡೆ ತಪ್ಪಿದರೆ ಅದರ ಕೆಳಗಿನ ಅಷ್ಟೂ ಮಂದಿಯ ಪಾಳಿ ಏರುಪೇರು. ಏಳು ವರ್ಷ ಅವಳು ಅದನ್ನು ಕೈಯಲ್ಲೇ ಬರೆದಳು.

೧೯೯೫ರಲ್ಲಿ ಸಂಘಕ್ಕೆ ಕಂಪ್ಯೂಟರ್ ಬಂತು. ಲಿಂಗಸುಗೂರಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ ಹುಸೇನಬಾಷಾ ಪಾಳಿಪಟ್ಟಿಯ ಪ್ರೋಗ್ರಾಮ್ ಬರೆದುಕೊಟ್ಟ. ಏನಾದರೂ ಬದಲಾಯಿಸಿದಾಗ ಹೊಸ ಪ್ರೋಗ್ರಾಮನ್ನು ಫ್ಲಾಪಿಯಲ್ಲಿ ಹಾಕಿ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದ. ಮಸ್ಕಿ ದಾಟಿ ಬಸ್ಸು ಸಿಂಧನೂರಿಗೆ ಬರುವ ಹೊತ್ತಿಗೆ ಯಮನೂರಮ್ಮ ಸ್ಟ್ಯಾಂಡಿನಲ್ಲಿ ಕಾದಿರುತ್ತಿದ್ದಳು.

ಮರುವರ್ಷದ ಮುಂಗಾರಿನಲ್ಲಿ ವಳಕಮದಿನ್ನಿಯ ಕರೆಮ್ಮ ನೇರ ಆಫೀಸಿಗೇ ಬಂದಳು.

"ಹ್ವಾದ ವರ್ಷ ಇದ್ದ ಹೊಲಾನ ಐತಿ. ಈ ಸಲ ನೀರು ಯಾಕ ಕಮ್ಮಿ ಆತು? ನಿಮ್ಮ ಮಿಷಿನ್ ನನ್ನ ಹೊಲಾನ ಸಣ್ಣ ಮಾಡೇತೇನು?"

ಯಮನೂರಮ್ಮ ಹಾಳೆ ತೆಗೆದುಕೊಂಡು ಕೂತಳು. ಕರೆಮ್ಮನದು ಎರಡು ಎಕರೆ ಮೂವತ್ತು ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆಯಾದ್ದರಿಂದ ಅವಳಿಗೆ ಎರಡು ಮುಕ್ಕಾಲು ತಾಸು ಬರಬೇಕು. ಪಟ್ಟಿಯಲ್ಲಿದ್ದದ್ದು ಎರಡು ತಾಸು ಹದಿನೆಂಟು ನಿಮಿಷ. ಮೂವತ್ತು ಗುಂಟೆಯನ್ನು ಹೊಸ ಪ್ರೋಗ್ರಾಮ್ ನೂರಕ್ಕೆ ಮೂವತ್ತು ಎಂದು ಓದಿಕೊಂಡಿತ್ತು. ಹುಸೇನಬಾಷಾ ಎರಡೇ ದಿನದಲ್ಲಿ ತಿದ್ದಿ ಕಳಿಸಿದ. ಕರೆಮ್ಮನಿಗೆ ತಪ್ಪಿದ್ದ ಇಪ್ಪತ್ತೇಳು ನಿಮಿಷವನ್ನು ಮುಂದಿನ ಪಾಳಿಯಲ್ಲಿ ಸೇರಿಸಿಕೊಟ್ಟರು.

ಬೇಸಿಗೆ ಬೆಳೆಯ ಹೊತ್ತಿಗೆ ಇನ್ನೊಂದು ಫ್ಲಾಪಿ ಬಂತು. ಯಮನೂರಮ್ಮ ಪಟ್ಟಿ ಗೋಡೆಗೆ ಅಂಟಿಸುವ ಮೊದಲು ಸುಮ್ಮನೆ ಕಣ್ಣಾಡಿಸಿದಳು. ನೋಡಿದರೆ ಅದೇ ಎರಡು ತಾಸು ಹದಿನೆಂಟು ನಿಮಿಷ. ಕೂಡಲೇ ಫೋನು ಮಾಡಿದಳು.

"ಬಾಷಾಭಾಯ್, ಕರೆಮ್ಮನ ಹೊಲ ಮತ್ತ ಸಣ್ಣ ಆಗೇತಲ್ರೀ."

ಅತ್ತ ಹುಸೇನಬಾಷಾ ತನ್ನ ಫ್ಲಾಪಿಗಳನ್ನು ತಡಕಾಡಿ ನೋಡಿದ. "ಮಾಫ್ ಮಾಡ್ರಿ ಅಕ್ಕಾ. ಹಳೇ ಪ್ರೋಗ್ರಾಮ್ ಮ್ಯಾಲ ಕೆಲಸ ಮಾಡೀನಿ. ಆವಾಗ ತಿದ್ದಿದ್ದು ಅದರಾಗ ಇದ್ದಿಲ್ಲ."

ಒಮ್ಮೆ ಹೋದ ತಪ್ಪು ಹೊಸ ಫ್ಲಾಪಿಯ ಜೊತೆ ತಿರುಗಿ ಬರಬಹುದು ಎಂಬುದು ಅಂದೇ ಅವಳ ಮನಸ್ಸಿಗೆ ನಾಟಿತು. ಹಾಗಾದರೆ ಹೊಸ ಪ್ರೋಗ್ರಾಮನ್ನು ಪ್ರತಿಸಲವೂ ಮೊದಲಿನಿಂದ ಕೇಳಲೇಬೇಕು. ಹನ್ನೆರಡು ಹೊಲ ಆರಿಸಿದಳು: ಗುಂಟೆ ಇರುವುದು, ಇಲ್ಲದ್ದು, ಎಕರೆಗಿಂತ ಕಡಿಮೆಯದು, ಅಣ್ಣತಮ್ಮಂದಿರು ಪಾಲಾಗಿದ್ದು, ಕಾಲುವೆಯ ಕೊನೆಯದು, ನಡುವಿನದು. ಒಂದೊಂದಕ್ಕೂ ಕೈಯಲ್ಲಿ ಲೆಕ್ಕ ಮಾಡಿ ಉತ್ತರ ಬರೆದಿಟ್ಟಳು. ಹೊಸ ಫ್ಲಾಪಿ ಬಂದಾಗಲೆಲ್ಲ ಹನ್ನೆರಡನ್ನೂ ತಾಳೆ ನೋಡುವುದಕ್ಕೆ ಅರ್ಧ ದಿನ ಹಿಡಿಯುತ್ತಿತ್ತು.

ಇದನ್ನು ಕೇಳಿದ ಹುಸೇನಬಾಷಾ, "ಅಷ್ಟು ತ್ರಾಸು ಯಾಕ್ರಿ? ಮಿಷಿನ್ ತಾನ ಕೇಳಿಕೊಳ್ಳಲಿ. ನೀವು ಉತ್ತರ ಕೊಡ್ರಿ, ಸಾಕು" ಎಂದ.

ಇಬ್ಬರೂ ಕೂತು ಅದನ್ನು ಕಟ್ಟಿದರು. ಫ್ಲಾಪಿ ಹಾಕಿ ಒಂದು ಅಪ್ಪಣೆ ಕೊಟ್ಟರೆ ಹೊಸ ಪ್ರೋಗ್ರಾಮ್ ಮೊದಲು ಬೇರೆ ಕಡೆ ಇಳಿಯುತ್ತಿತ್ತು. ಕಂಪ್ಯೂಟರ್ ತಾನಾಗಿಯೇ ಅದಕ್ಕೆ ಹನ್ನೆರಡು ಹೊಲಗಳ ಲೆಕ್ಕ ಕೊಟ್ಟು, ಬಂದದ್ದನ್ನು ಯಮನೂರಮ್ಮನ ಉತ್ತರದ ಜೊತೆ ಹೋಲಿಸುತ್ತಿತ್ತು. ಎಲ್ಲ ಕೂಡಿದರೆ ಹೊಸದು ಹಳೆಯದರ ಜಾಗಕ್ಕೆ ಬರುತ್ತಿತ್ತು. ಒಂದು ತಪ್ಪಿದರೂ ಹಳೆಯದೇ ಉಳಿದು, ತಪ್ಪಿದ ಹೊಲದ ನಂಬರು ಪರದೆಯ ಮೇಲೆ ನಿಲ್ಲುತ್ತಿತ್ತು. ಎಲ್ಲ ಸೇರಿ ಮೂರು ನಿಮಿಷ. ಮರುವರ್ಷ ಅದು ಎರಡು ಸಲ ತಡೆಯಿತು. ಒಮ್ಮೆಯಂತೂ ಅರ್ಧ ಎಕರೆಯ ಹೊಲಕ್ಕೆ ನೀರೇ ಇಲ್ಲ ಎಂದಿತ್ತು ಹೊಸ ಪ್ರೋಗ್ರಾಮ್.

೧೯೯೮ರ ಜುಲೈ. ಕಾಲುವೆಗೆ ನೀರು ಬಿಡಲು ಎರಡು ದಿನ ಉಳಿದಿತ್ತು. ಊರುವಾರು ಬೇರೆ ಬೇರೆ ಪಟ್ಟಿ ಬೇಕೆಂದು ಸಂಘದ ಅಧ್ಯಕ್ಷ ಬಸ್ಸಪ್ಪ ಹಟ ಹಿಡಿದು ಬರೆಸಿದ್ದ ಪ್ರೋಗ್ರಾಮ್ ಬಂತು. ಹನ್ನೊಂದು ಹೊಲ ಕೂಡಿದವು. ಹನ್ನೆರಡನೆಯದು ವಳಕಮದಿನ್ನಿಯ ಮುದುಕಮ್ಮನ ಮೂರು ಎಕರೆ, ಅದು ಕೂಡಲಿಲ್ಲ. ಯಮನೂರಮ್ಮ ಬರೆದಿದ್ದು ಮೂರು ತಾಸು, ಹೊಸದು ಹೇಳಿದ್ದು ಮೂರೂಕಾಲು.

"ಒಂದ ಹೊಲದ ಸಲುವಾಗಿ ಎಲ್ಲಾ ನಿಂದ್ರಸ್ತೀಯೇನವ್ವಾ?" ಎಂದ ಬಸ್ಸಪ್ಪ. "ಪರೀಕ್ಷಾದಾಗಿಂದ ಆ ಹೆಸರು ತಗದು ಹಾಕಿ ಮುಂದ ನಡಿ."

"ಬ್ಯಾಡಂದದ್ದನ್ನ ತಗದು ಹಾಕೋದಿದ್ರ ಕೇಳೋದರ ಯಾಕ್ರೀ? ಹಳೇದರಾಗ ಪಟ್ಟಿ ತೆಗೀತೀನಿ. ಊರುವಾರು ನಾನ ಕೈಲೆ ಬರದು ಕೊಡ್ತೀನಿ."

ಬಸ್ಸಪ್ಪ ಟವೆಲು ಕೊಡವಿಕೊಂಡು ಹೊರಗೆ ಹೋದ.

ಮರುದಿನ ಮೊದಲ ಬಸ್ಸಿಗೆ ಹುಸೇನಬಾಷಾ ಬಂದ. ಕಾಲುವೆಯ ನಕ್ಷೆ ಬಿಚ್ಚಿ ಮೇಜಿನ ಮೇಲೆ ಹರಡಿದ. ಕೊನೆಯ ಹೊಲಗಳು ಯಾವುವೆಂದು ಈ ಸಲ ಆ ನಕ್ಷೆ ನೋಡಿಯೇ ಗುರುತು ಹಾಕಿದ್ದ. ಅದರಲ್ಲಿ ಮುದುಕಮ್ಮನ ಹೊಲ ಒಂದು ಸಣ್ಣ ಕವಲಿನ ತುದಿಯಲ್ಲಿತ್ತು. ಯಮನೂರಮ್ಮನಿಗೆ ಒಪ್ಪಿಗೆಯಾಗಲಿಲ್ಲ. ಇಬ್ಬರೂ ದ್ಯಾವಪ್ಪನನ್ನು ಹುಡುಕಿಕೊಂಡು ಹೋದರು. ಅವನು ಗೇಟಿನ ತಿರುಪಿಗೆ ಗ್ರೀಸು ಹಚ್ಚುತ್ತಿದ್ದ.

"ಮುದುಕಮ್ಮಂದು ಕೊನೀ ಹೊಲಾನ," ಎಂದ ಅವನು. "ಅದರಾಚಿಗೆ ಬರೀ ಹಳ್ಳ. ನಾ ಗೇಟು ಎತ್ತಿದ ಮ್ಯಾಲ ಅಲ್ಲಿಗೆ ನೀರು ಮುಟ್ಟಾಕ ಕಾಲು ತಾಸು ಬೇಕು."

"ಮತ್ತ ನನಗ ಹೇಳಬಾರದೇನಪ್ಪಾ?"

"ನೀ ಎಂದೂ ಕೇಳಿದ್ದಿಲ್ಲಲ್ಲ."

ಯಮನೂರಮ್ಮ ಕಾಲುವೆಯ ದಂಡೆಯ ಮೇಲೆ ಕುಳಿತುಬಿಟ್ಟಳು. ಹಳೆಯ ಪಟ್ಟಿಯಲ್ಲಿ ಮುದುಕಮ್ಮನ ಹೆಸರು ನಡುವೆ ಇತ್ತು. ಹೊಲವೂ ನಡುವಿನದೇ ಎಂದು ಅವಳು ತಿಳಿದಿದ್ದಳು. ಕೈಬರಹದ ಕಾಲದಿಂದಲೂ, ಹತ್ತು ವರ್ಷ. ಮೊದಲ ಪ್ರೋಗ್ರಾಮನ್ನು ಅದೇ ಪಟ್ಟಿ ನೋಡಿ ಬರೆದದ್ದು. ತಪ್ಪು ತಡೆಯಲೆಂದು ಕಟ್ಟಿದ ಪರೀಕ್ಷೆ ಅವಳ ತಪ್ಪನ್ನೇ ಕಾಯ್ದುಕೊಂಡು ಬಂದಿತ್ತು.

"ಅಕ್ಕಾ, ಯಾರಿಗೂ ಗೊತ್ತಿಲ್ಲ," ಎಂದ ಹುಸೇನಬಾಷಾ ಮೆಲ್ಲಗೆ. "ಉತ್ತರ ತಿದ್ದಿದ್ರ ಮುಗೀತು."

"ನನಗ ಗೊತ್ತಾಗೇತಲ್ರೀ."

ಆಫೀಸಿಗೆ ಮರಳಿ ಉತ್ತರ ತಿದ್ದಿದಳು. ಈ ಸಲ ಹನ್ನೆರಡೂ ಕೂಡಿ ಹೊಸ ಪ್ರೋಗ್ರಾಮ್ ಒಳಗೆ ಹೋಯಿತು. ಊರುವಾರು ಪಟ್ಟಿ ಅಚ್ಚಾಯಿತು. ವಳಕಮದಿನ್ನಿಯ ಹಾಳೆ ಮಡಚಿಕೊಂಡು ಅವಳು ಸಂಜೆಯ ಬಸ್ಸು ಹತ್ತಿದಳು.

ಮುದುಕಮ್ಮ ಸಸಿಮಡಿಯಲ್ಲಿ ಕಳೆ ಕೀಳುತ್ತಿದ್ದಳು. ಯಮನೂರಮ್ಮ ನಿಂತಲ್ಲೇ ಎಲ್ಲ ಹೇಳಿದಳು. ಮುದುಕಮ್ಮ ಕೆಸರುಗೈಯಲ್ಲೇ ಎದ್ದು ನಿಂತಳು.

"ಹತ್ತು ವರ್ಷ ಆ ಕೊನೀ ಮಡಿ ಬಾಡೇತಿ. ನೆಲಾನ ಸವಳು ಅಂತ ನಮ್ಮ ಮನ್ಯಾಗ ಬೈದಾಡೇವಿ. ಸೊಸಿ ನೀರು ಸರಿಯಾಗಿ ಕಟ್ಟಂಗಿಲ್ಲ ಅಂತ ಆಕಿಗೂ ಅಂದೀನಿ."

"ತಪ್ಪು ನಂದು, ಅವ್ವಾ."

"ಬಾಯಿಲೆ ಅಂದ್ರ ನೀರು ಬರತೈತೇನು? ಕಾಗದದಾಗ ತೋರಸು."

ಯಮನೂರಮ್ಮ ಹಾಳೆ ಬಿಚ್ಚಿ ಸಾಲಿನ ಮೇಲೆ ಬೆರಳಿಟ್ಟಳು. ಮುದುಕಮ್ಮನಿಗೆ ಓದು ಬರುತ್ತಿರಲಿಲ್ಲ. ಸೊಸೆಯನ್ನು ಕರೆದು ಓದಿಸಿದಳು, ಎರಡು ಸಲ. ಕೂತುಕೋ ಎನ್ನಲಿಲ್ಲ, ಚಹಾ ಕೇಳಲಿಲ್ಲ. ಮತ್ತೆ ಬಗ್ಗಿ ಕಳೆಗೆ ಕೈ ಹಾಕಿದಳು. ಯಮನೂರಮ್ಮ ಬಸ್ಸಿಗೆ ನಡೆದಳು. ಮುದುಕಮ್ಮ ಸಿಟ್ಟು ಮಾಡಿಕೊಂಡಿದ್ದೇ ನ್ಯಾಯ ಎನ್ನಿಸಿ ಅವಳ ಎದೆ ಒಂದಿಷ್ಟು ಹಗುರಾಗಿತ್ತು.

ಮುಂದಿನ ಸಭೆಯಲ್ಲಿ ಅವಳೇ ಎದ್ದು ವಿಷಯ ಹೇಳಿದಳು. ಬಸ್ಸಪ್ಪ ನಾಲ್ಕು ಮಾತು ಅಂದ. ಅಂದ ಮೇಲೆ, ಮುದುಕಮ್ಮನಿಗೆ ಕಡಿಮೆಯಾದ ನೀರನ್ನು ಈ ಹಂಗಾಮಿನಲ್ಲಿ ಪಾಳಿಗೆ ಇನ್ನೂ ಅರ್ಧ ತಾಸಿನಂತೆ ಸೇರಿಸಿ ಕೊಡಬೇಕೆಂದು ಠರಾವು ಬರೆಸಿದ.

ಆ ಮಳೆಗಾಲ ಪೂರ್ತಿ, ರವಿವಾರ ಬಂದರೆ, ಯಮನೂರಮ್ಮ ಅಪ್ಪನನ್ನು ಕರೆದುಕೊಂಡು ಉಪಕಾಲುವೆಗಳ ಉದ್ದಕ್ಕೂ ನಡೆದಳು. ಒಂದೊಂದು ಹೊಲದ ಮುಂದೆ ನಿಂತು ಕೇಳಿದಳು, ಬರೆದುಕೊಂಡಳು. ಇನ್ನೂ ಎರಡು ಹೊಲಗಳ ಲೆಕ್ಕ ತಪ್ಪಿದ್ದು ಸಿಕ್ಕಿತು. ದೀಪಾವಳಿಯ ಹೊತ್ತಿಗೆ ಕಂಪ್ಯೂಟರ್ ಕೇಳುವ ಹೊಲಗಳು ನಲವತ್ತಾಗಿದ್ದವು. ಪ್ರತಿ ಉತ್ತರದ ಪಕ್ಕದಲ್ಲಿ, ಅದನ್ನು ಯಾರು ಯಾವಾಗ ಕಣ್ಣಾರೆ ನೋಡಿದರು ಎಂದು ಬರೆದಿತ್ತು.