ಕೇಳದ ಹಾಡಿಗೊಂದು ಕವರ್

ಗೆಳೆಯರೇ, ಕಳಸದ ನನ್ನ ಪ್ರಿಂಟಿಂಗ್ ಅಂಗಡಿಯಲ್ಲಿ ಇವತ್ತು ಒಂದು ಕವರ್ ವಿಷಯಕ್ಕೆ ಜಗಳವೇ ಆಯಿತು.

ಎಸ್ಟೇಟ್ ಕೆಲಸದ ಗಿರಿಜಕ್ಕ ಮತ್ತು ಗೆಳತಿಯರು ತಮ್ಮ ಸೋಬಾನೆ ಪದಗಳನ್ನು ರೆಕಾರ್ಡ್ ಮಾಡಿಸಿ, ಮಾರಾಟಕ್ಕೆಂದು ಪೆನ್‌ಡ್ರೈವ್‌ಗೆ ಹಾಕಿಸಿದ್ದಾರೆ. ಅದನ್ನಿಡುವ ಪುಟ್ಟ ಡಬ್ಬಿಯ ಮೇಲೆ ನಾನು ಮಂಜು ಮುಸುಕಿದ ಗುಡ್ಡ, ಕಾಫಿ ಹೂವು ಹಾಕಿದ್ದೆ. ಗಿರಿಜಕ್ಕನ ಜೊತೆ ಬಂದಿದ್ದ ಗಂಡ ಮಂಜಪ್ಪಣ್ಣ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿ, "ಇವ್ಳೆಲ್ಲಿ?" ಎಂದರು.

"ಹೋಂಸ್ಟೇಗೆ ಬರೋರು ಗುಡ್ಡ ನೋಡಿನೇ ತಗೊಳ್ಳೋದು ಗಿರಿಜಕ್ಕ," ಎಂದು ನಾನು ವಾದಿಸಿದೆ.

"ತಗೊಳ್ಲಿ ಮಾರಾಯ. ಆದ್ರೆ ಇವ್ರಿಗೆ ಮದ್ವೆಗೆ ಮೊದ್ಲೇ ಜ್ವರ ಬಂದು ಕಿವಿ ಹೋಗಿದೆ. ನನ್ನ ಒಂದು ಹಾಡೂ ಕೇಳಿಲ್ಲ. ಇವ್ರಿಗೆ ಸಿಗೋದು ಈ ಡಬ್ಬಿ ಮಾತ್ರ."

ನಾನು ಮೊಬೈಲ್ ತೆಗೆದು, "ಒಂದು ಪದ ಹಾಡಿ" ಎಂದೆ. ಅವರು ಕಣ್ಣು ಮುಚ್ಚಿ ಹಾಡುತ್ತಿದ್ದಂತೆ ಫೋಟೋ ತೆಗೆದೆ. ಮಂಜಪ್ಪಣ್ಣ ಆರಿಸಿದ್ದು ಬಾಯಿ ಪೂರ್ತಿ ತೆರೆದಿದ್ದ ಫೋಟೋವನ್ನು. "ಅಯ್ಯೋ, ಅದು ಬೇಡ!" ಎಂದ ಗಿರಿಜಕ್ಕನ ಮಾತು ನಡೆಯಲಿಲ್ಲ.

"ಇದ್ರಲ್ಲಿ ಹಾಡ್ತಿರೋದು ಕಾಣ್ಸುತ್ತೆ," ಎಂದರು ಮಂಜಪ್ಪಣ್ಣ.

ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದು, ಪಿಸುಗುಡುತ್ತಿದ್ದೇನೆ ಅಂದುಕೊಂಡು, ಇಡೀ ಪೇಟೆಗೆ ಕೇಳುವಷ್ಟು ಗಟ್ಟಿಯಾಗಿ ವಿಚಾರಿಸಿದರು: "ಚೆನ್ನಾಗಿ ಹಾಡ್ತಾಳಾ?"

ಹೌದೆಂದು ಜೋರಾಗಿ ತಲೆಯಾಡಿಸಿದೆ.

"ನಂಗೆ ಗೊತ್ತಿತ್ತು ಬಿಡಿ."

"ಇಷ್ಟು ವರ್ಷ ನಂಗೊಂದ್ಸಲ ಹೇಳ್ಲಿಲ್ವಲ್ಲ ಈ ಮನುಷ್ಯ!" ಎಂದು ಗಿರಿಜಕ್ಕ ಕಣ್ಣೊರೆಸಿಕೊಳ್ಳುತ್ತಲೇ ಬೈಯತೊಡಗಿದರು. ಬೈಗುಳ ಬಸ್‌ಸ್ಟ್ಯಾಂಡಿನ ತನಕ ಸಾಗಿತು. ಮಂಜಪ್ಪಣ್ಣ ಪುಣ್ಯವಂತರು, ಒಂದೂ ಕೇಳಿಸದೆ ನಗುತ್ತಾ ಪಕ್ಕದಲ್ಲೇ ನಡೆದರು.