ಫೋನಿನಲ್ಲಷ್ಟೇ ಉಳಿದ ಶೋನಾ

ನಾವು ಸಿಡ್ನಿಯ ಟೂಂಗಾಬಿಯಲ್ಲಿ ಬಾಡಿಗೆಗಿದ್ದಾಗ ಕೆಳಗಿನ ಮನೆಗೆ ಜಿಂಬಾಬ್ವೆಯಿಂದ ಒಂದು ಕುಟುಂಬ ಬಂತು. ಗಂಡ, ಹೆಂಡತಿ, ಐದು ವರ್ಷದ ಮಗಳು. ನನ್ನ ಮಗಳಿಗೂ ಆಗ ಐದೇ. ಆ ಹುಡುಗಿಯ ತಾಯಿಯೂ ನಾನೂ ಒಂದೇ ವೃದ್ಧಾಶ್ರಮದಲ್ಲಿ ಕೆಲಸಕ್ಕಿದ್ದೆವು. ಆಕೆ ನರ್ಸು, ನಾನು ಅಡುಗೆಮನೆಯಲ್ಲಿ. ಆಕೆಗೆ ಡ್ಯೂಟಿ ಇದ್ದ ದಿನ ಆ ಹುಡುಗಿ ನಮ್ಮ ಮನೆಯಲ್ಲಿ, ನನಗಿದ್ದ ದಿನ ನನ್ನ ಮಗಳು ಅವರ ಮನೆಯಲ್ಲಿ.

ಅವರ ತಾಯಿನುಡಿ ಶೋನಾ. ಮೊದಲ ದಿನ ಆ ಹುಡುಗಿ ಎರಡೂ ಅಂಗೈ ಬೊಗಸೆ ಮಾಡಿ ಮೆಲ್ಲಗೆ ತಟ್ಟುತ್ತಾ ‘ಮಕಾದಿ’ ಎಂದಳು. ಹೇಗಿದ್ದೀರಿ ಎಂದು ಹಿರಿಯರನ್ನು ಕೇಳುವ ರೀತಿ ಅದು ಎಂದು ತಾಯಿ ಹೇಳಿದಳು. ನನಗೆ ಹೊಟ್ಟೆಕಿಚ್ಚಾಯಿತು. ನಮ್ಮವರ ಯುಗಾದಿ ಕೂಟಗಳಲ್ಲಿ ಕನ್ನಡದಲ್ಲಿ ಕೇಳಿದರೆ ಮಕ್ಕಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದವು, ಹೆತ್ತವರು ನಕ್ಕು ಸುಮ್ಮನಾಗುತ್ತಿದ್ದರು. ಒಂದು ದಿನ ಚಹಾ ಕುಡಿಯುತ್ತಾ ಇಬ್ಬರೂ ಮಾತು ಕೊಟ್ಟುಕೊಂಡೆವು. ನಾನು ಮಗಳೊಡನೆ ಕನ್ನಡ ಬಿಟ್ಟು ಬೇರೆ ಆಡುವುದಿಲ್ಲ, ಆಕೆ ಶೋನಾ ಬಿಟ್ಟು ಬೇರೆ ಆಡುವುದಿಲ್ಲ.

ಶಾಲೆ ಶುರುವಾಗಿ ಕೆಲವು ತಿಂಗಳಿಗೆ ಟೀಚರು ನಮ್ಮಿಬ್ಬರನ್ನೂ ಕರೆಸಿ, ಮಕ್ಕಳು ಇಂಗ್ಲಿಷಿನಲ್ಲಿ ಹಿಂದಿದ್ದಾರೆ, ಮನೆಯಲ್ಲಿ ಇಂಗ್ಲಿಷ್ ಮಾತಾಡಿ ಎಂದರು. ಹೊರಗೆ ಬಂದೊಡನೆ, ಇನ್ನು ಇಂಗ್ಲಿಷೇ ಗತಿಯೇನೋ ಎಂದೆ. ಆಕೆ ನನ್ನ ಕೈ ಹಿಡಿದುಕೊಂಡಳು.

“ಇಂಗ್ಲಿಷ್ ಅವರು ಕಲಿಸಲಿ. ಶಾಲೆ ಇರೋದೇ ಅದಕ್ಕೆ ಅಲ್ವಾ?”

ಆ ಮಾತಿನ ಮೇಲೆ ನಾನು ವರ್ಷಗಟ್ಟಲೆ ನಿಂತೆ. ಒಮ್ಮೆ ಮಗಳು ಆಟದಿಂದ ಬಂದು ‘ವಾಟರ್’ ಎಂದು ಕೇಳಿದಳು. ‘ನೀರು’ ಅನ್ನುವವರೆಗೆ ನಾನು ಲೋಟ ಕೊಡಲಿಲ್ಲ. ಅವಳೂ ಹಠ ಹಿಡಿದಳು. ಕೊನೆಗೆ ಅಳುತ್ತಾ ಹೇಳಿ ಕುಡಿದಳು. ಕೆಳಗಿನ ಮನೆಯ ತಾಯಿಯೂ ಹೀಗೇ ಮಾಡುತ್ತಿರಬೇಕೆಂದು ನಾನು ಸಮಾಧಾನ ಮಾಡಿಕೊಂಡೆ.

ಆಮೇಲೆ ಆಕೆಗೆ ಮೆಲ್ಬರ್ನಿನ ಬಾಕ್ಸ್ ಹಿಲ್ ಕಡೆ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಹೋದ ಮೇಲೂ ಭಾನುವಾರ ಫೋನ್ ಮಾಡುತ್ತಿದ್ದಳು.

“ಮಗಳು ಶೋನಾ ಆಡ್ತಾಳಾ?” ಎಂದು ನಾನು ಪ್ರತಿ ಸಲ ಕೇಳುತ್ತಿದ್ದೆ.

“ಆಡದೆ ಏನು? ನಿನ್ನೆ ಮೊಲದ ಕಥೆ ಹೇಳು ಅಂತ ಪ್ರಾಣ ತಿಂದಳು.”

ಅದನ್ನೇ ನನ್ನ ಮಗಳಿಗೆ ಹೇಳಿ ಚುಚ್ಚುತ್ತಿದ್ದೆ.

ಮೂರು ವರ್ಷದ ಮೇಲೆ ಶಾಲೆಯ ರಜೆಯಲ್ಲಿ ಮಗಳನ್ನು ಕರೆದುಕೊಂಡು ಮೆಲ್ಬರ್ನಿಗೆ ಹೋದೆ. ಬಾಗಿಲು ತೆರೆದದ್ದು ಆ ಹುಡುಗಿಯೇ, ಉದ್ದಕ್ಕೆ ಬೆಳೆದಿದ್ದಳು. ನಾನು ಖುಷಿಯಿಂದ ‘ಮಕಾದಿ’ ಎಂದೆ. ಅವಳು ತಾಯಿಯ ಕಡೆ ತಿರುಗಿದಳು.

“ಮಮ್, ವಾಟ್ ಈಸ್ ಶಿ ಸೇಯಿಂಗ್?”

ಪ್ರಯಾಣದ ಬಗ್ಗೆ ಏನೋ ಕೇಳುತ್ತಾ ಆಕೆ ನನ್ನ ಬ್ಯಾಗು ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಜಿಂಬಾಬ್ವೆಯಿಂದ ಆಕೆಯ ತಾಯಿಯ ಫೋನ್ ಬಂತು. ಹುಡುಗಿ ಫೋನ್ ಹಿಡಿದು “ಹಾಯ್ ಗೋಗೋ” ಎಂದು ಅಜ್ಜಿಯನ್ನು ಕರೆದಳು. ಆ ಕಡೆಯಿಂದ ಮುದುಕಿ ಒಂದೇ ಸಮನೆ ಮಾತಾಡತೊಡಗಿದಳು. ಹುಡುಗಿ ಅಷ್ಟಕ್ಕೇ ಫೋನನ್ನು ತಾಯಿಗೆ ಕೊಟ್ಟು ಟಿವಿ ಮುಂದೆ ಕೂತಳು. ಆಕೆ ನಗುತ್ತಾ ಶೋನಾದಲ್ಲಿ ಏನೋ ಹೇಳಿ ಮಾತು ಮುಗಿಸಿದಳು.

“ಅಮ್ಮನಿಗೆ ಏನು ಹೇಳಿದೆ?” ಎಂದೆ.

“ನಾಚಿಕೆ ಅವಳಿಗೆ, ಫೋನಿನಲ್ಲಿ ಮಾತಾಡಲ್ಲ ಅಂದೆ.”

“ಯಾವಾಗಿನಿಂದ ಹೀಗೆ?”

ಆಕೆ ಬಾಲ್ಕನಿಗೆ ಕರೆದುಕೊಂಡು ಹೋದಳು. “ಟೂಂಗಾಬಿಯಲ್ಲೇ ನಿಲ್ಲಿಸಿದೆ. ಅವಳ ಕೈ ಮುರಿದಿತ್ತಲ್ಲ, ಪಾರ್ಕಿನಲ್ಲಿ ಬಿದ್ದಳು ಅಂದಿದ್ದೆ. ಬಿದ್ದದ್ದು ಶಾಲೆಯಲ್ಲಿ. ನೋವು ಅಂತ ಹೇಳೋಕೆ ಅವಳಿಗೆ ಇಂಗ್ಲಿಷ್ ಬರಲಿಲ್ಲ. ನಾನು ಹೋಗೋವರೆಗೂ ಆ ಕೈ ಹಿಡ್ಕೊಂಡು ಬೆಂಚಿನ ಮೇಲೆ ಕೂತಿದ್ದಳು. ಅವತ್ತಿನಿಂದ ನೀನು ಎದುರಿಗಿದ್ದಾಗ ಮಾತ್ರ ಶೋನಾ.”

“ನನಗೆ ಯಾಕೆ ಹೇಳಲಿಲ್ಲ?”

“ಹೇಳಿದ್ದರೆ ನೀನು ನನ್ನನ್ನು ಹೇಗೆ ನೋಡ್ತಿದ್ದೆ ಅಂತ ನನಗೆ ಗೊತ್ತಿತ್ತು.”

ಆ ಮಗುವಿನ ಕೈ ನೆನೆದು ಮರುಗಬೇಕಿತ್ತು. ಆದರೆ ನನಗೆ ಬಂದದ್ದು ಸಿಟ್ಟು. ಬಾಯಾರಿದ ಮಗಳ ಎದುರು ಲೋಟ ಹಿಡಿದು ನಿಂತಾಗ ನಾನು ಯಾರ ಧೈರ್ಯ ನಂಬಿದ್ದೆನೋ ಆಕೆ ಅಷ್ಟೊತ್ತಿಗಾಗಲೇ ಕೈಬಿಟ್ಟಿದ್ದಳು. ಆಮೇಲಿನ ಭಾನುವಾರಗಳ ಮೊಲದ ಕಥೆ ನನಗಾಗಿ ಕಟ್ಟಿದ್ದು. ಇನ್ನೂ ಎರಡು ದಿನ ಇರಬೇಕಾಗಿತ್ತು. ಅವತ್ತೇ ಹೊರಟೆ.

ಸಿಡ್ನಿಗೆ ಬಂದು ಗಂಡನಿಗೆ ಹೇಳಿದರೆ ಅವರಿಗೆ ಆಶ್ಚರ್ಯವೇ ಆಗಲಿಲ್ಲ.

“ನನಗ ಗೊತ್ತಿತ್ತು. ಆಕಿ ಗಂಡ ಆಗಲೇ ಹೇಳಿದ್ದ.”

“ಮತ್ತ ನನಗ ಯಾಕ ಹೇಳಲಿಲ್ರಿ?”

“ಹೇಳಿದ್ರ ನೀನೂ ಬಿಟ್ಟುಬಿಡ್ತಿದ್ದಿ. ನಮ್ಮ ಕೂಸಿಗೆ ಕನ್ನಡ ಬರಲಿ ಅಂತ ಸುಮ್ಮನಿದ್ದೆ.”

ಧಾರವಾಡದಿಂದ ಇಷ್ಟು ದೂರ ಅವರನ್ನು ನಂಬಿ ಬಂದವಳು ನಾನು. ಕನ್ನಡ ಬರಲಿ ಎಂಬ ಆಸೆ ಅವರದ್ದೂ ಆಗಿತ್ತು, ನಿಷ್ಠುರ ಮಾತ್ರ ನನ್ನ ಪಾಲಿಗೆ ಬಿಟ್ಟಿದ್ದರು. ಮಗಳು ಇವತ್ತಿಗೂ ಚೆನ್ನಾಗಿ ಕನ್ನಡ ಮಾತಾಡುತ್ತಾಳೆ. ಯಾರಾದರೂ ಹೊಗಳಿದರೆ ಎದ್ದು ಬೇರೆ ಕೋಣೆಗೆ ಹೋಗುತ್ತಾಳೆ.

ಒಂದು ವರ್ಷ ನಾನು ಆಕೆಗೆ ಫೋನ್ ಮಾಡಲಿಲ್ಲ. ಒಂದು ಮಧ್ಯಾಹ್ನ ಆಕೆಯೇ ಮಾಡಿದಳು. ತಾಯಿ ಹೋದಳು ಎಂದಷ್ಟು ಇಂಗ್ಲಿಷಿನಲ್ಲಿ ಹೇಳಿ, ಆಮೇಲೆ ಅಳುತ್ತಾ ಶೋನಾದಲ್ಲಿ ಮಾತಾಡತೊಡಗಿದಳು. ನನಗೆ ಅರ್ಥವಾದದ್ದು ನಾಲ್ಕೈದು ಪದ. ಫೋನ್ ಇಡಲು ಮನಸ್ಸು ಬರಲಿಲ್ಲ, ಕ್ಷಮಿಸಿದೆ ಅನ್ನಲೂ ಆಗಲಿಲ್ಲ. ಗೋಡೆಗೆ ಒರಗಿ ನಿಂತು, ಆಕೆಯ ಮಾತು ಮುಗಿಯುವವರೆಗೂ ಹೂಂಗುಟ್ಟುತ್ತಾ ಇದ್ದೆ.