ನಡುವಿನ ಕುರ್ಚಿಯ ರೇವಯ್ಯನವರು

ಕಾಶಿಯಲ್ಲೇ ಕಣ್ಣು ಮುಚ್ಚಬೇಕೆಂದು ಬಂದ ಕನ್ನಡದ ಮುದುಕರಿಗಾಗಿ ಜಂಗಮವಾಡಿಯ ಓಣಿಯಲ್ಲಿರುವ ವಸತಿಗೆ ಭಕ್ತರೊಬ್ಬರು ಗೋಡೆಯಗಲದ ಎಲ್‌ಇಡಿ ಟಿವಿ ಕೊಟ್ಟ ದಿನದಿಂದ, ಅದರ ಗುಣದೋಷ ಹೇಳುವುದೇ ರೇವಯ್ಯನವರಿಗೆ ನಿತ್ಯಪೂಜೆಯಾಗಿದೆ. ನಡುವಿನ ಕುರ್ಚಿ ಅವರದೇ. ಸಾಕ್ಷಾತ್ ವಿಶ್ವನಾಥನೇ ಬಂದು ಕೇಳಿದರೂ ಬಿಟ್ಟುಕೊಡುವವರಲ್ಲ. "ಕಪ್ಪು ಅಂದ್ರ ಕಪ್ಪಿರಬೇಕ್ರಿ, ಪರದೆ ಹಿಂದ ದೀಪ ಹಚ್ಚಿ ಬೂದಿ ಮಾಡ್ಯಾರ" ಎನ್ನುತ್ತಾರೆ. ದನಿ ತಗಡು ಬಡಿದಂತಿದೆ, ಪಕ್ಕದಿಂದ ನೋಡಿದರೆ ಬಣ್ಣವೆಲ್ಲ ಮಾಸುತ್ತದೆ, ಆದರೆ ನೇರ ಕೂತವನಿಗೆ ಗಂಗಾ ಆರತಿಯ ಜಂಗುಳಿಯಲ್ಲಿ ಒಂದೊಂದು ಮುಖವೂ ಬಿಡಿಬಿಡಿಯಾಗಿ ಕಾಣುತ್ತದೆ ಎಂದು ಬಂದವರಿಗೆಲ್ಲ ವಿವರಿಸುತ್ತಾರೆ. ನಿನ್ನೆ ಸಂಜೆಯ ನೇರಪ್ರಸಾರದಲ್ಲಿ, ಘಾಟಿನ ಮೆಟ್ಟಿಲ ಮೇಲೆ, ಹೋದ ತಿಂಗಳು ಇದೇ ವಸತಿಯಲ್ಲಿ ಲಿಂಗೈಕ್ಯರಾದ ಅನ್ನದಾನಮ್ಮ ಕೂತಿದ್ದರು. ಪ್ರಸಾದದ ಪಂಕ್ತಿಯಲ್ಲಿ ದಿನವೂ ರೇವಯ್ಯನವರಿಗೆಂದು ಜಾಗ ಹಿಡಿಯುತ್ತಿದ್ದಂತೆಯೇ ಪಕ್ಕದಲ್ಲಿ ತಮ್ಮ ಹಸಿರು ಟವಲು ಹಾಸಿಟ್ಟುಕೊಂಡು, ಇತ್ತಲೇ ನೋಡುತ್ತಿದ್ದರು. ಅಷ್ಟು ನೂಕುನುಗ್ಗಲಿನಲ್ಲೂ ಆ ಟವಲನ್ನು ಯಾರೂ ತುಳಿಯುತ್ತಿರಲಿಲ್ಲ. ಇವತ್ತು ಆರತಿಯ ಹೊತ್ತಿಗೆ ರೇವಯ್ಯನವರು ತಮ್ಮ ಕುರ್ಚಿಯನ್ನು ಮೂಲೆಗೆ ಎಳೆದುಕೊಂಡರು. ಯಾಕೆಂದು ಕೇಳಿದವರಿಗೆ, ತಲೆ ಎತ್ತದೆ, "ಇಲ್ಲಿಂದ ಯಾರ ಮುಖಾನೂ ನೆಟ್ಟಗ ಕಾಣಂಗಿಲ್ಲ" ಎಂದರು. "ಈ ಟಿವಿದು ದೊಡ್ಡ ಗುಣ ಅಂದ್ರ ಇದ ನೋಡ್ರಿ."